ಮೂಗುಬಂಡೆ ಅರ್ಜಿಯ ಏಳನೆಯ ಸಾಲು

ಮೂಗುಬಂಡೆ,
ಫೆಬ್ರವರಿ 31, 2287

ಮೂಗುಬಂಡೆ ಆರೋಹಿಗಳ ಸಂಘದ ಮೊದಲ ಕಾರ್ಯದರ್ಶಿ ಮಂದಾರ ಅವರಿಗೆ, ಅದೇ ಸಂಘದ ನಲವತ್ತೊಂದನೆಯ ಕಾರ್ಯದರ್ಶಿ ಗವಿರಂಗಯ್ಯನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಅನುದಾನದ ಅರ್ಜಿಗಳ ಕೊನೆಯ ದಿನವೆಲ್ಲ ಫೆಬ್ರವರಿ ಕೊನೆಗೇ ಬೀಳುತ್ತಿದ್ದುದರಿಂದ, ಜನರ ಗೋಳು ನೋಡಲಾರದೆ ನಮ್ಮ ಅಜ್ಜಂದಿರ ಕಾಲದಲ್ಲಿ ಆ ತಿಂಗಳಿಗೆ ಮೂರು ದಿನ ಸೇರಿಸಿದರು. ಈಗ ಎಲ್ಲರೂ ಮೂವತ್ತೊಂದನೇ ತಾರೀಖು ಒದ್ದಾಡುತ್ತಾರೆ. ನನ್ನ ಭಾಷೆಯನ್ನೂ ಕ್ಷಮಿಸಬೇಕು. ನಿಮ್ಮ ಕನ್ನಡ ನಮಗೆ ಹಳಗನ್ನಡ. ನಾನು ಅದನ್ನು ಕಲಿತದ್ದು ನಿಮ್ಮ ಸಂಘದ ಕಡತಗಳಿಂದ. ಅಲ್ಲಲ್ಲಿ 'ತಮ್ಮ ಅವಗಾಹನೆಗೆ' ಎಂದು ಬಂದರೆ ಅದು ಬಿಂಕವಲ್ಲ, ನನಗೆ ಬರುವುದೇ ಅಷ್ಟು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಇಲಾಖೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಹೆಂಡತಿ ತನ್ನದನ್ನು ಅವಳಪ್ಪನಿಗೆ ಬರೆದು, ನನ್ನನ್ನು ಅಳಿಯನಾಗಿ ಒಪ್ಪಬೇಡಿ ಎಂದು ಕೋರಿದ್ದಾಳೆ. ಇನ್ನೂ ತಲುಪಿಲ್ಲವಂತೆ.

ತಮ್ಮ ಅವಗಾಹನೆಗೆ ತರುವುದೇನೆಂದರೆ, ಈ ಕ್ಷಣ ನಿಮ್ಮ ಮೇಜಿನ ಮೇಲಿರುವ ಅರ್ಜಿಯ ಕರಡು ಇಲ್ಲಿ ನಮ್ಮ ಸಂಘದ ಗಾಜಿನ ಪೆಟ್ಟಿಗೆಯಲ್ಲಿದೆ. ಕಾಲುದಾರಿ ಸರಿಪಡಿಸಲು, ಬಂಡೆಯಲ್ಲಿ ಹಗ್ಗ ಸಿಕ್ಕಿಸುವ ತುಕ್ಕು ಹಿಡಿದ ಬೋಲ್ಟು ಬದಲಾಯಿಸಲು, ಎರಡು ಶೌಚಾಲಯ ಕಟ್ಟಲು ಅನುದಾನ ಕೇಳಿದ್ದೀರಿ. ಏಳನೆಯ ಸಾಲು ಮಾತ್ರ ಬೇರೆ ಥರ. ಬಂಡೆಗೆ ಹೋಗುವ ದಾರಿ ಚಿಕ್ಕತಾಯಮ್ಮನವರ ರಾಗಿ ಹೊಲದೊಳಗೆ ಹಾಯುತ್ತದೆ. ಒಪ್ಪಿಗೆ ಕೇಳಲು ಹೋದಾಗ ಆಕೆ ಹೇಳಿದ್ದನ್ನು ನೀವು ಅಂಚಿನಲ್ಲಿ ಬರೆದುಕೊಂಡಿದ್ದೀರಿ: "ಓಗ್ರವ್ವ, ಬ್ಯಾಡ ಅನ್ನಕಿಲ್ಲ. ಆದ್ರೆ ನನ್ ಬಾಯಿ ಸುಮ್ಕಿರಕಿಲ್ಲ, ಅದ್ನೂ ಬರ್ಕಳಿ. ಬೈಸ್ಕಂಡು ಓಗೋದಾದ್ರೆ ಓಗಿ." ಅದನ್ನೇ ನೀವು ಅರ್ಜಿಯ ಭಾಷೆಗೆ ತಿರುಗಿಸಿದಿರಿ: ಈ ಮನೆಯವರು ಹತ್ತುವವರನ್ನು ವರ್ಷಕ್ಕೊಮ್ಮೆಯಾದರೂ ಬೈಯುತ್ತಿರುವವರೆಗೆ ಹೊಲದ ದಾರಿ ತೆರೆದಿರುತ್ತದೆ. ಆಮೇಲೆ, ಅನುದಾನದವರು ನಕ್ಕಾರೆಂದು ಆ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದೀರಿ. ಆ ಗೀಟನ್ನು ರಬ್ಬರಿನಿಂದ ಒರೆಸಿದ ಗುರುತೂ ಕಾಣುತ್ತದೆ. ಏಕೆ ಒರೆಸಿದಿರೆಂದು ನಮಗೆ ಇಂದಿನವರೆಗೂ ತಿಳಿದಿರಲಿಲ್ಲ.

ಅನುದಾನ ಕೊಟ್ಟ ಸಂಸ್ಥೆ ಮುಚ್ಚಿ ನೂರ ತೊಂಬತ್ತು ವರ್ಷವಾಯಿತು. ಆದರೂ ಆರು ತಿಂಗಳಿಗೊಮ್ಮೆ ನಾವೆಲ್ಲ ಶೌಚಾಲಯದ ಮುಂದೆ ಹಲ್ಲು ಕಿರಿದು ನಿಂತು ಫೋಟೊ ತೆಗೆಸಿಕೊಂಡು ಪ್ರಗತಿ ವರದಿ ಕಳಿಸುತ್ತೇವೆ; ಬೇಡ ಎನ್ನಲು ಅಲ್ಲಿ ಯಾರೂ ಇಲ್ಲ. ಉಳಿದಂತೆ ನಮ್ಮ ಬದುಕೆಲ್ಲ ಕೂರುಗಾಡಿಯಲ್ಲೇ ಸಾಗುತ್ತದೆ. ಅದು ಮಂಚದಿಂದಲೇ ನಮ್ಮನ್ನು ಎತ್ತಿಕೊಂಡು ಸ್ನಾನ, ತಿಂಡಿ, ಕಚೇರಿ ಎಲ್ಲ ಮುಗಿಸಿ ಮತ್ತೆ ಮಂಚಕ್ಕೆ ಇಳಿಸುವ ಕುರ್ಚಿ. ಕೈಕಾಲು ಇರುವುದು ನೆನಪಾಗುವುದು ಭಾನುವಾರ, ಮೂಗುಬಂಡೆಯಲ್ಲಿ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮೊದಲ ಸಲ ಅಂಗೈ ಇಟ್ಟವರು ಅತ್ತದ್ದನ್ನು ಕಂಡಿದ್ದೇನೆ. ಆ ಬಂಡೆಯ ಮೇಲೆ ತೇಲುಹೋಟೆಲಿನವರ ಕಣ್ಣು ಬಿದ್ದಿದೆ. ಅವರ ಹೋಟೆಲುಗಳು ಆಕಾಶದಲ್ಲಿ ತೇಲುತ್ತವೆ, ಗಾಳಿಗೆ ಹೋಗದಂತೆ ಕಟ್ಟಲು ಬೆಟ್ಟ ಬೇಕು. ನಮ್ಮ ದಾರಿಯ ಹಕ್ಕು ತಪ್ಪಿದ ದಿನವೇ ಬಂಡೆಗೆ ಮೂಗುದಾರ.

ಹಕ್ಕು ತಪ್ಪುವುದರಲ್ಲಿತ್ತು. ಚಿಕ್ಕತಾಯಮ್ಮನವರ ವಂಶದಲ್ಲಿ ಹೋದ ವರ್ಷದವರೆಗೆ ನಮ್ಮನ್ನು ಬೈಯುತ್ತಿದ್ದ ತಾಯಿ ತೀರಿಕೊಂಡು, ಆ ಮನೆಯಲ್ಲಿ ಉಳಿದವರು ಮಗಳು ಹೊಂಬಾಳಮ್ಮ ಒಬ್ಬರೇ. ಕೋಳಿ ಕುಕ್ಕಿದರೆ ಕೋಳಿಯನ್ನೇ ಸಮಾಧಾನ ಮಾಡುವ ಹೆಂಗಸು. ನಾವು ಬೈಗುಳದ ಪಾಠ ಇಟ್ಟೆವು. 'ಕತ್ತೆ' ಎನ್ನುವಷ್ಟರಲ್ಲಿ ಆಕೆಗೆ ಕಣ್ಣೀರು. "ಬ್ಯಾಸರ ಮಾಡ್ಕಬ್ಯಾಡಿ ಅಣ್ಣಾ" ಎಂದು ಇನ್ನೊಂದು ಲೋಟ ಮಜ್ಜಿಗೆ. ಬೇಕೆಂದೇ ಅವರೆ ಸಾಲು ತುಳಿದೆವು. "ಕಾಲು ನೊಂದ್ವೇನೋ, ಪಾಪ" ಎಂದರು. ವರ್ಷದ ಬೈಗುಳದ ಗಡುವು ನಿನ್ನೆ ಸಂಜೆಗೆ ಮುಗಿಯುತ್ತಿತ್ತು. ಹೋಟೆಲಿನ ಅಧಿಕಾರಿ ಬೆಳಿಗ್ಗೆಯೇ ತಲೆಯ ಮೇಲೆ ಬಂದು ತೇಲುತ್ತ ಉಪ್ಪಿಟ್ಟು ತಿನ್ನುತ್ತಿದ್ದ.

ನನಗೆ ಎಪ್ಪತ್ತೊಂದು. ಕೊನೆಯ ಸಲ ಹತ್ತಿಬಿಡೋಣವೆಂದು, ಯಾರಿಗೂ ಹೇಳದೆ, ಮನಸ್ಸು ಕೆಡಿಸಿಕೊಂಡು ಹೊರಟೆ. ಮೂರಾಳೆತ್ತರ ಏರಿದ್ದೆ. ಕೆಳಗಿನಿಂದ ಲೋಟ ಬಿದ್ದ ಸದ್ದು, ಅದರ ಬೆನ್ನಿಗೇ ಒಂದು ಗಂಟಲು:

"ಲೇ ರಂಗಯ್ಯಾ! ಬುದ್ಧಿಗಿದ್ಧಿ ಐತೇನಯ್ಯಾ ನಿಂಗೆ, ಮುದಿ ಗೂಬೆ! ಅಗ್ಗ ಎಲ್ಲೈತೆ ನೋಡ್ಕೊ! ಬಿದ್ದು ಸತ್ರೆ ನಿನ್ನೆಂಡ್ರಿಗೆ ನಾನ್ ಏನೇಳ್ಲಯ್ಯಾ?"

ನೋಡಿಕೊಂಡೆ. ಸೊಂಟಕ್ಕೆ ಹಗ್ಗವೇ ಇರಲಿಲ್ಲ. ಅದರ ತುದಿ ನೆಲದ ಮೇಲೆ ಬಿದ್ದಿತ್ತು. ಐವತ್ತು ವರ್ಷದಲ್ಲಿ ಮೊದಲ ಬಾರಿ ಗಂಟು ಹಾಕುವುದನ್ನೇ ಮರೆತಿದ್ದೆ. ಬಂಡೆಗೆ ಹಲ್ಲಿಯಂತೆ ಅಂಟಿಕೊಂಡೆ. ಹೊಂಬಾಳಮ್ಮ ಬೈಯುತ್ತಲೇ ಒಂದೊಂದು ಹೆಜ್ಜೆ ಎಲ್ಲಿಡಬೇಕೆಂದು ಹೇಳಿ ಇಳಿಸಿಕೊಂಡರು. ಇಳಿದ ಮೇಲೂ ಅರ್ಧ ಗಂಟೆ ಬೈದರು. ಅಷ್ಟು ಹಿತವಾದ ಮಾತನ್ನು ನಾನು ಇದುವರೆಗೆ ಕೇಳಿರಲಿಲ್ಲ. ಹೋಟೆಲಿನವನು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ತೇಲಿಹೋದ.

ನಮ್ಮ ಜನ ಇನ್ನೂರು ವರ್ಷ ಇದನ್ನು ಒಂದು ಶಾಸ್ತ್ರವೆಂದುಕೊಂಡಿದ್ದರು. ತಲೆ ತಗ್ಗಿಸಿ ಬೈಸಿಕೊಂಡು, ಮಜ್ಜಿಗೆ ಕುಡಿದು ಮುಂದೆ ಹೋಗುತ್ತಿದ್ದೆವು. ಯಾರೊಬ್ಬರೂ ತಲೆಯೆತ್ತಿ ನೋಡಿರಲಿಲ್ಲ.

ಆದಕಾರಣ ನನ್ನ ಪಾಲಿನ ಒಂದೇ ಕಾಗದವನ್ನು ನಿಮಗೆ ಬರೆದಿದ್ದೇನೆ. ದಯವಿಟ್ಟು ರಬ್ಬರ್ ತೆಗೆದುಕೊಂಡು ಆ ಗೀಟನ್ನು ಒರೆಸಿ. ಅನುದಾನದವರು ನಕ್ಕರೆ ನಗಲಿ. ಬೇಗ ಮಾಡಿ, ನಿಮ್ಮ ಫೆಬ್ರವರಿಗೆ ನಮ್ಮ ಮೂರು ದಿನಗಳಿಲ್ಲ. ಮುಂದಿನ ಭಾನುವಾರ ಹೊಲದ ಬದುವಿನ ಬಳಿ ಸ್ವಲ್ಪ ನಿಲ್ಲಿ. ಚಿಕ್ಕತಾಯಮ್ಮನವರು ಬೈಯುವಾಗ ಆಕೆಯ ಕಣ್ಣು ಎಲ್ಲಿರುತ್ತದೆ, ನೋಡಿ. ನಿಮ್ಮ ಸೊಂಟದ ಗಂಟಿನ ಮೇಲಿರುತ್ತದೆ.

ಇಂತಿ,
ಬೈಸಿಕೊಂಡು ಬದುಕಿದ
ಗವಿರಂಗಯ್ಯ