ಅತ್ತೆಯ ಕಾಲು ಮತ್ತು ತಮ್ಮ ಪಾರಂಪರಿಕ ಹಲಗೆ

ಮಾನ್ಯ ಪಾರಂಪರಿಕ ಕಟ್ಟಡಗಳ ಸಂರಕ್ಷಣಾಧಿಕಾರಿಗಳೇ,

ನಮ್ಮ ಸೋದರತ್ತೆಯ ಕಾಲು ಮುರಿದ ಹಲಗೆಯನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕೆಂಬ ತಮ್ಮ ನೋಟಿಸು ತಲುಪಿತು. ಏಳು ದಿನದ ಗಡುವನ್ನೂ ದಯಪಾಲಿಸಿದ್ದೀರಿ. ನೆಲದ ಹಲಗೆಗಳನ್ನು ಬದಲಿಸಲು ಅನುಮತಿ ಕೋರಿ ನಾನು ಕೊಟ್ಟ ಅರ್ಜಿ ತಮ್ಮ ಮೇಜಿನ ಮೇಲೆ ಎರಡು ವರ್ಷ ನಿದ್ದೆ ಹೊಡೆಯಿತು. ಅತ್ತೆ ಬಿದ್ದ ಮರುದಿನ ಆ ಒಂದು ಹಲಗೆಯನ್ನು ನಾನೇ ಬದಲಿಸಿದೆ ನೋಡಿ, ನಾಲ್ಕೇ ದಿನಕ್ಕೆ ಕಚೇರಿ ಎದ್ದು ಕೂತಿತು. ತಮ್ಮಲ್ಲಿ ಇಷ್ಟು ಚುರುಕಿದೆಯೆಂದು ಗೊತ್ತಿದ್ದರೆ ಮೊದಲೇ ತಪ್ಪು ಮಾಡಿಬಿಡುತ್ತಿದ್ದೆ.

ಜೊತೆಗೆ ನಮ್ಮ ಮನೆಯ ಇತಿಹಾಸವನ್ನೂ ಲಗತ್ತಿಸಿದ್ದೀರಿ. ಓದಿ ಧನ್ಯಳಾದೆ. ಕಟ್ಟಿಸಿದ ಬಿಳಿಯ ಅಧಿಕಾರಿಗೆ ನಾಲ್ಕು ಪುಟ: ಅವನ ಕುದುರೆ, ಅವನ ಕೆಮ್ಮು, ಅವನ ಹೆಂಡತಿಯ ಪಿಯಾನೋ. ಆ ಮಹಾಶಯ ಇಲ್ಲಿದ್ದದ್ದು ಮೂರೇ ವರ್ಷ. ನೆಲದಡಿ ಗೆದ್ದಲು ಕಂಡದ್ದೇ ತಡ, ಮನೆಯನ್ನು ಅದನ್ನು ಕಟ್ಟಿದ ಬಡಗಿಗೇ ಮಾರಿ ಹಡಗು ಹತ್ತಿದ. ಆ ಬಡಗಿ ನನ್ನ ಮುತ್ತಾತ. ಅಲ್ಲಿಂದ ಈಚೆಗಿನ ನಾಲ್ಕು ತಲೆಮಾರಿಗೆ ತಮ್ಮ ದಾಖಲೆಯಲ್ಲಿ ಒಂದೇ ಸಾಲು: 'ತದನಂತರ ಇತರರು ವಾಸವಾಗಿದ್ದರು.' ನೂರಕ್ಕೂ ಹೆಚ್ಚು ವರ್ಷ ಈ ಮನೆಯನ್ನು ಬೀಳದಂತೆ ಹಿಡಿದು ನಿಲ್ಲಿಸಿದ್ದು ಯಾರು ಸ್ವಾಮಿ, ಆ ಪಿಯಾನೋವೇ?

ಕಂಬಗಳ ಮೇಲೆ ನಿಂತ ಮರದ ಮನೆ ತಾನಾಗಿ ಉಳಿಯುವುದಿಲ್ಲ. ಪ್ರತಿವರ್ಷ ಮಳೆಗೆ ಮುಂಚೆ ನಮ್ಮವರು ಸುತ್ತಿಗೆಯ ಹಿಡಿಯಿಂದ ನೆಲವನ್ನೆಲ್ಲ ತಟ್ಟಿ ನೋಡುತ್ತಿದ್ದರು. ಸದ್ದು ಮಂಕಾದ ಹಲಗೆಯನ್ನು ಕಿತ್ತು ಹೊಸದು ಹಾಕಿ, ಅದರ ಅಡಿಭಾಗದಲ್ಲಿ ಇಸವಿಯನ್ನೂ ಬದಲಿಸಿದ ಕಾರಣವನ್ನೂ ಉಳಿಯಿಂದ ಕೆತ್ತುತ್ತಿದ್ದರು. ಅಪ್ಪನಿಂದ ನಾನೂ ಅದೇ ಕಸುಬು ಕಲಿತೆ. ತಮ್ಮ ತಜ್ಞರು ಬಂದಾಗ ಹಜಾರದಲ್ಲಿ ಮಂಡಿಯೂರಿ ಒಂದು ಹಲಗೆಯನ್ನು ಸವರಿ, "ಆಹಾ! ಇಂಥ ಕೆಲ್ಸ ಈಗಿನೋರ ಕೈಲಾಗುತ್ತಾ?" ಎಂದರು. ಅತ್ತೆ, "ಅದು ನನ್ನ ತಮ್ಮ ಹಾಕಿದ್ದು ಕಣಪ್ಪಾ, ಇವಳು ಹುಟ್ಟಿದ ವರ್ಷ" ಎಂದರು. ತಜ್ಞರು ಮುಗುಳ್ನಕ್ಕು, 'ಮೂಲ ಹಲಗೆ, ವಸಾಹತು ಕಾಲದ ಅಪರೂಪದ ಕುಶಲತೆ' ಎಂದು ಬರೆದುಕೊಂಡು ಹೋದರು.

ಮುರಿದದ್ದು ಅದೇ ಹಲಗೆ. ಅಡಿಯಲ್ಲಿ ನಾನು ಹುಟ್ಟಿದ ಇಸವಿ ಇದೆ, ಅಪ್ಪನ ಕೈಬರಹವಿದೆ: 'ಬೀರು ಬಿದ್ದು ಸೀಳಿದ್ದಕ್ಕೆ.' ಅಂದರೆ ತಮ್ಮ ಅಮೂಲ್ಯ ಪರಂಪರೆಗೆ ನಲವತ್ತಾರು ವರ್ಷ. ಅಷ್ಟೇ ವಯಸ್ಸಿನ ನನ್ನನ್ನೂ ಒಂದಿಷ್ಟು ಸಂರಕ್ಷಿಸಬಹುದಿತ್ತು. ಮನೆ ತಮ್ಮ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ ನಾಲ್ಕು ವರ್ಷದಿಂದ ಒಂದು ಮೊಳೆ ಮುಟ್ಟುವಂತಿಲ್ಲ. ಗೆದ್ದಲು ಮಾತ್ರ ತಮ್ಮ ಅನುಮತಿಗೆ ಕಾಯದೆ ಕೆಲಸ ಮುಂದುವರಿಸಿದೆ. ಅದಕ್ಕೂ ನೋಟಿಸು ಕಳಿಸಿದ್ದೀರಾ?

ಇಷ್ಟು ಹೊತ್ತು ಹಾಸ್ಯ ಮಾಡಿದೆ. ಆದರೆ ತೊಡೆಯವರೆಗೆ ನೆಲದೊಳಗೆ ಸಿಕ್ಕಿಕೊಂಡಿದ್ದ ಅತ್ತೆಯನ್ನು ಮೇಲೆತ್ತಿದವಳು ನಾನು. ತಾಯಿಯಿಲ್ಲದ ನನ್ನನ್ನು ಸಾಕಿ ಬೆಳೆಸಿದ ಜೀವ ಅದು. ಆಸ್ಪತ್ರೆಯಲ್ಲಿ ನೋಟಿಸು ಓದಿ ಹೇಳಿದಾಗ ಅವರು, "ನನ್ ಕಾಲೂ ಹಳೇದೇ ಕಣೇ, ಎಪ್ಪತ್ತೆಂಟು ವರ್ಷದ್ದು. ಪಟ್ಟಿಗೆ ಸೇರಿಸ್ಕೊಳ್ಳೋಕೆ ಹೇಳು" ಎಂದರು. ಆಮೇಲೆ ಗೋಡೆ ಕಡೆ ತಿರುಗಿ, "ಮನೆಗೆ ಬರೋಕೇ ಭಯ ಆಗ್ತಿದೆ" ಎಂದರು. ಹುಟ್ಟಿದ ಮನೆಯ ಬಗ್ಗೆ ಅವರು ಆ ಮಾತು ಆಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅತ್ತೆ ಮುಂದಿನ ಸೋಮವಾರ ಬರುತ್ತಾರೆ. ಅವರ ಕೋಣೆಯಿಂದ ಬಚ್ಚಲಿನವರೆಗೆ ಇನ್ನೂ ಹನ್ನೊಂದು ಹಲಗೆ ಮಂಕು ಸದ್ದು ಕೊಡುತ್ತಿವೆ. ನೋಟಿಸನ್ನು ಹಿಂದಕ್ಕೆ ಪಡೆದು, ಅವನ್ನು ಬದಲಿಸಲು ಶನಿವಾರದೊಳಗೆ ಲಿಖಿತ ಅನುಮತಿ ಕೊಡಿ. ಕೊಡದಿದ್ದರೆ ಭಾನುವಾರ ಬೆಳಗ್ಗೆ ಎಂಟಕ್ಕೆ ನಾನು ಕೆಲಸ ಶುರುಮಾಡುತ್ತೇನೆ. ಹಿಡಿಸಲು ಪೊಲೀಸರನ್ನು ಕರೆದುಕೊಂಡು ಧಾರಾಳವಾಗಿ ಬನ್ನಿ. ಗಟ್ಟಿಮುಟ್ಟಾದವರೇ ಬರಲಿ. ಹಲಗೆ ಎಂಟಡಿ ಉದ್ದವಿದೆ, ಇನ್ನೊಂದು ತುದಿ ಹಿಡಿಯಲು ನನಗೆ ಒಬ್ಬರು ಬೇಕು.

ಇಂತಿ,
ತಪ್ಪನ್ನು ಮುಂಗಡವಾಗಿ ಒಪ್ಪಿಕೊಂಡಿರುವ
ಬಡಗಿ