ಮೇಲಿನ ಗೆರೆಯಲ್ಲಿ ಯಾರ ಹೆಸರು

ಕ್ಯಾತ್ಸಂದ್ರ
ಸೋಮವಾರ

ತಮ್ಮ ಭೀಮರಾಜನಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ನಗಿಸಿ ತೇಲಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. 'ಅರುಣಾ ಹುರಿಹಿಟ್ಟು' ಅಂತ ವೆಬ್‌ಸೈಟಿನ ಹೆಸರು ಕೊಂಡವಳು ನಾನು, ಅದರ ಪಾಸ್‌ವರ್ಡ್ ಇರುವುದು ನಿನ್ನ ಹತ್ತಿರ. ಆ ಹೆಸರನ್ನು ಟೈಪ್ ಮಾಡಿದರೆ ನನ್ನ ಪುಟವೇನೋ ತೆರೆಯುತ್ತದೆ. ಆದರೆ ಮೇಲಿನ ವಿಳಾಸದ ಗೆರೆಯಲ್ಲಿ ನಿನ್ನ 'ಭೀಮರಾಜ್ ಕೊಬ್ಬರಿ ಮಂಡಿ' ಬಂದು ಕೂರುತ್ತದೆ! ಇಲ್ಲಿನ ಹಾಸ್ಟೆಲ್ ವಾರ್ಡನ್ ನೋಡಿ, "ಹೆಸರು ನಿಮ್ದು, ವಿಳಾಸ ಕೊಬ್ಬರಿ ಮಂಡೀದು. ಇದ್ಯಾವ್ದೋ ಮೋಸದ ಲಿಂಕು ಕಣಮ್ಮ" ಎಂದು ಆರ್ಡರನ್ನೇ ನಿಲ್ಲಿಸಿದರು.

ನಿನ್ನನ್ನು ಕೇಳಿದರೆ, "ನನ್ ಸೈಟಿಗೆ ಫಾರ್ವರ್ಡ್ ಮಾಡಿದೀನಿ ಕಣಕ್ಕ, ಮೇಲ್ಗಡೆ ಯಾರ್ ನೋಡ್ತಾರೆ ಬುಡು" ಅಂದೆ. ಮತ್ತೆ ಕೇಳಿದ್ದಕ್ಕೆ, ಪುಟ ನಿನ್ನ ಸೈಟಿನೊಳಗೇ ಇರಲಿ, ಗೆರೆಯ ಮೇಲೆ ಮಾತ್ರ ನನ್ನ ಹೆಸರಿನ ಮುಸುಕು ಹಾಕುತ್ತೇನೆ ಅಂದೆ. ಮುಸುಕು ಬೇಡ ಕಣೋ. ನನ್ನ ಪುಟ ನನ್ನ ಹೆಸರಿನಲ್ಲೇ ಇರಬೇಕು. ಹೇಗೆ ಮಾಡಬೇಕೆಂದು ಶಿರಾ ಗೇಟಿನ ಕಂಪ್ಯೂಟರ್ ಅಂಗಡಿಯವರನ್ನು ಕೇಳಿಕೊಂಡು ಬಂದಿದ್ದೇನೆ. ನೀನು ಕಷ್ಟಪಡುವುದೇನೂ ಬೇಡ.

ಗುಬ್ಬಿಯಲ್ಲಿನ ಅಪ್ಪನ ತೋಟ ಭಾಗವಾದಾಗ ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟೆ. ನನ್ನ ಪಾಲು ಬಿಟ್ಟೆನೆಂದು ನಾನು ಸಹಿ ಹಾಕಿದೆ. ಪಹಣಿಯಲ್ಲಿ ನಿನ್ನ ಹೆಸರೊಂದೇ ಇದೆ, ಇರಲಿ.

ಗೌರಿ ಹಬ್ಬಕ್ಕೆ ಬಾಗಿನ ತರುತ್ತೀಯಲ್ಲ. ಊಟಕ್ಕೆ ಒಬ್ಬಟ್ಟು ಮಾಡಿರುತ್ತೇನೆ. ಈ ಸಲ ಸೀರೆ ಬೇಡ, ಪಾಸ್‌ವರ್ಡ್ ತಾ.

ನಿನ್ನ ಅಕ್ಕ,
ಅರುಣಾ