ಹಗ್ಗ ಮುಟ್ಟಿದವರ ಪಾಲು

14-11-1979, ಬುಧವಾರ, ಎರ್ಮಾಳ್

ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಕಡಲ ಕರೆಯಲ್ಲಿ ಊರವರೆಲ್ಲ ಸೇರಿ ರಂಪಣಿ ಎಂಬ ದೊಡ್ಡ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲು ಸಿಗುತ್ತಿತ್ತು. ನೆರೆಮನೆಯ ಗಿರಿಯಜ್ಜ ಎಳೆಯುವ ಶಕ್ತಿ ಇಲ್ಲದಿದ್ದರೂ ಹಗ್ಗ ಹಿಡಿದು ನಿಲ್ಲುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಈಗ ಯಂತ್ರದ ಬೋಟುಗಳು ಬಂದು ರಂಪಣಿ ನಿಂತಿದೆ. ಶಾಲೆ ಬಿಟ್ಟ ನಾನು ಮಲ್ಪೆಯ ಬೋಟಿಗೆ ಹೋಗುತ್ತೇನೆ.

ಇವತ್ತು ತಂದ ಬಂಗುಡೆಯಲ್ಲಿ ನಾಲ್ಕನ್ನು ಅಜ್ಜನ ಮುಂದೆ ಹಿಡಿದೆ.

"ಇದು ಪಾಲಾ, ಧರ್ಮವಾ?"

"ಹಗ್ಗವೇ ಇಲ್ಲ, ಪಾಲು ಎಲ್ಲಿಂದ ಅಜ್ಜ? ಸುಮ್ಮನೆ ತೆಗೊಳ್ಳಿ."

"ಹಾಗಾದ್ರೆ ನಿನ್ನ ಬೆಕ್ಕಿಗೆ ಹಾಕು ಮಾರಾಯ." ಬರಿಗೈಯಲ್ಲಿ ಹೋದರು.

ಪಾಲು ಎಂದಿದ್ದರೆ ತೆಗೆದುಕೊಳ್ಳುತ್ತಿದ್ದರು. ಅದು ನನಗೆ ಗೊತ್ತಿತ್ತು. ಸುಳ್ಳಿಗೆ ನಾಲಿಗೆ ಏಳಲಿಲ್ಲ.

ಸಂಜೆ ಅವರ ಹೆಂಡತಿ ಅಕ್ಕಜ್ಜಿ ಬೇಲಿಯ ಹತ್ತಿರ ಬಂದರು. ಅವರ ಮನೆಯಲ್ಲಿ ಗಂಜಿ ಮತ್ತು ಉಪ್ಪು ಬಿಟ್ಟರೆ ಏನೂ ಇಲ್ಲ.

"ಇವತ್ತು ಬೋಟಿಗೆ ಒಂದು ಮೀನೂ ಬೀಳ್ಲಿಲ್ಲವಂತೆ, ಅಲ್ವಾ? ಅಜ್ಜ ಹೇಳಿದ್ರು."

ನಮ್ಮ ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿತ್ತು.

"ಹೌದು ಅಜ್ಜಿ, ಬೀಳಲಿಲ್ಲ" ಎಂದೆ.

"ಹಾಗಾದ್ರೆ ಅಜ್ಜ ಹೇಳಿದ್ದು ಸರಿ" ಎಂದು ನಿಧಾನವಾಗಿ ಮನೆಗೆ ತಿರುಗಿದರು.

ಅವರಿಗೆ ಸಾರಿನ ವಾಸನೆ ಬರಲಿಲ್ಲ ಎಂದು ಇಲ್ಲಿ ಬರೆಯಲಾರೆ. ಗಾಳಿ ಅವರ ಮನೆಯ ಕಡೆಗೇ ಬೀಸುತ್ತಿತ್ತು.